ಪಕ್ಕದ ಮಾಡಿನ ನೀರು

ಬ್ರಹ್ಮಾವರದಿಂದ ಒಳಗೆ ಹೋಗುವ ರಸ್ತೆಯೊಂದರಲ್ಲಿರುವ ಸರಕಾರಿ ಶಾಲೆಯ ಅಂಗಳವನ್ನು ಹೊಸದಾಗಿ ರೂಪಿಸಿಕೊಡಬೇಕೆಂದು ಹಳೆ ವಿದ್ಯಾರ್ಥಿ ಸಂಘದವರು ಕೇಳಿಕೊಂಡಾಗ ನಾನು ಅಳತೆಗೆ ಹೋದದ್ದು ಮೇ ತಿಂಗಳಲ್ಲಿ. ರಜೆಯಲ್ಲಿದ್ದ ಶಾಲೆ, ಒಣಗಿ ಬಿರುಕುಬಿಟ್ಟ ಕೆಂಪು ನೆಲ, ಮೂಲೆಯಲ್ಲಿ ಒಂದು ಹಲಸಿನ ಮರ. ಎರಡು ದಿನ ಟೇಪು ಹಿಡಿದು ಮಟ್ಟ ತೆಗೆದುಕೊಂಡು, ಇಡೀ ಅಂಗಳಕ್ಕೆ ಇಂಟರ್‌ಲಾಕ್, ಪಡುವಣ ಗೋಡೆಗೆ ಸಾಲಾಗಿ ಕೈತೊಳೆಯುವ ನಲ್ಲಿಗಳು, ಜಗಲಿಯ ಪಡುತುದಿಗೆ ಇಳಿಜಾರು ದಾರಿ, ಹಲಸಿನ ಬುಡಕ್ಕೆ ಸುತ್ತ ಕಾಂಕ್ರೀಟಿನ ಕಟ್ಟೆ ಎಂದು ಅಂದವಾದ ನಕ್ಷೆಯೊಂದನ್ನು ಕೊಟ್ಟೆ. ಎಲ್ಲರಿಗೂ ಒಪ್ಪಿಗೆಯಾಯಿತು. ದಾನಿಗಳಿಗೆ ಇಂಟರ್‌ಲಾಕ್ ಎಂದರೆ ವಿಶೇಷ ಪ್ರೀತಿ. ಅದು ಫೋಟೊದಲ್ಲಿ ಕಾಣುತ್ತದೆ, ಚರಂಡಿ ಕಾಣುವುದಿಲ್ಲ.

ಕೆಲಸ ಮಳೆ ಮುಗಿದ ಮೇಲೆ ಎಂದು ತೀರ್ಮಾನವಾಗಿದ್ದರಿಂದ ನಾನು ಬಚಾವಾದೆ. ಜೂನ್ ಕೊನೆಯ ವಾರದಲ್ಲಿ ಬೇರೊಂದು ಕೆಲಸಕ್ಕೆ ಆ ದಾರಿಯಲ್ಲಿ ಹೋಗುತ್ತಿದ್ದಾಗ ಮಳೆ ಎಷ್ಟು ಬಿರುಸಾಯಿತೆಂದರೆ, ಗಾಡಿಯನ್ನು ಶಾಲೆಯ ಗೇಟಿನ ಬಳಿ ನಿಲ್ಲಿಸಿ ಜಗಲಿಗೆ ಓಡಬೇಕಾಯಿತು. ಮುಂದಿನ ಒಂದೂವರೆ ಗಂಟೆ ನಾನು ಅಲ್ಲಿಂದ ಕದಲಲಿಲ್ಲ.

ಶಾಲೆಯ ಪಡುದಿಕ್ಕಿನಲ್ಲಿ, ಕಂಪೌಂಡಿನಾಚೆ, ಸುಮಾರು ಎರಡು ಅಡಿ ಎತ್ತರದ ಜಾಗದಲ್ಲಿ ಊರಿನ ಸಮುದಾಯ ಭವನವಿದೆ. ನನ್ನ ನಕ್ಷೆಯಲ್ಲಿ ಅದು ಹೆಸರು ಬರೆದ ಒಂದು ಖಾಲಿ ಚೌಕ ಮಾತ್ರ. ನಮ್ಮ ಕಡೆ ಹಲವು ಕಟ್ಟಡಗಳಿಗೆ ಆದದ್ದೇ ಅದಕ್ಕೂ ಆಗಿತ್ತು: ಸಪಾಟಾದ ಸ್ಲ್ಯಾಬು ಹಾಕಿದರು, ಅದು ಸೋರಿತು, ಸೋರಿಕೆ ತಡೆಯಲು ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸಿದರು. ಆ ಶೀಟಿನ ಒಂದು ಇಳಿಜಾರು ನೇರವಾಗಿ ಶಾಲೆಯ ಕಡೆಗಿತ್ತು, ಅಂಚಿಗೆ ನೀರು ಹಿಡಿದು ಸಾಗಿಸುವ ದಂಬೆಯಿರಲಿಲ್ಲ. ನಾನು ನಲ್ಲಿಗಳನ್ನು ಬರೆದಿದ್ದ ಜಾಗದಲ್ಲೇ ನೀರು ಪರದೆಯಂತೆ ಬೀಳುತ್ತಿತ್ತು. ಗೋಡೆಯ ಬುಡದ ಮಣ್ಣು ಕೊಚ್ಚಿಹೋಗಿ ಅಡಿಪಾಯದ ಮುರಕಲ್ಲು ಹೊರಗೆ ಕಾಣುತ್ತಿತ್ತು.

ಜಗಲಿಯಲ್ಲಿ ನಿಂತೇ ಲೆಕ್ಕ ಹಾಕಿದೆ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. ಈ ಕಡೆಗೆ ವಾಲಿದ ಶೀಟು ಸುಮಾರು 150 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಸುರಿದರೆ 15,000 ಲೀಟರ್, ಅಂದರೆ ಸಾವಿರ ಲೀಟರಿನ 15 ಟಾಂಕಿಗಳನ್ನು ಅಂಗಳಕ್ಕೆ ಕವುಚಿದಂತೆ. ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಉಡುಪಿಯಲ್ಲಿ ಅಂಥ ದಿನ ಅಪರೂಪವೇನಲ್ಲ. ಈಗಿನ ಮಣ್ಣಿನ ನೆಲ ಅದರಲ್ಲಿ ಸ್ವಲ್ಪವನ್ನಾದರೂ ಕುಡಿಯುತ್ತಿತ್ತು. ನಾನು ಸೂಚಿಸಿದ್ದ ಇಂಟರ್‌ಲಾಕ್ ಹಾಸಿದ್ದರೆ, ನಾನೇ ಕೊಟ್ಟಿದ್ದ ಇಳಿಜಾರಿನಂತೆ, ಹೆಚ್ಚುಕಡಿಮೆ ಎಲ್ಲವೂ ಬಿಸಿಯೂಟದ ಅಡುಗೆಕೋಣೆಯ ಮೆಟ್ಟಿಲಿಗೆ ಬಂದು ಸೇರುತ್ತಿತ್ತು.

ಮಕ್ಕಳು ಊಟಕ್ಕೆ ಕುಳಿತದ್ದನ್ನು ನೋಡಿದಾಗ ಇನ್ನೊಂದು ತಪ್ಪೂ ಗೊತ್ತಾಯಿತು. ಪಡುಗಾಳಿಗೆ ಎರಚಲು ಹೊಡೆದು ಜಗಲಿಯ ಆ ತುದಿ ಪೂರ್ತಿ ಒದ್ದೆಯಾಗಿತ್ತು. ಅವರೆಲ್ಲ ಮೂಡಣ ತುದಿಗೆ ಒತ್ತಿಕೊಂಡು ಕುಳಿತಿದ್ದರು. ಜಗಲಿಯ ಎತ್ತರ 45 ಸೆಂಟಿಮೀಟರ್. 12 ಅಡಿ ಉದ್ದಕ್ಕೆ 1 ಅಡಿ ಏರುವ ಇಳಿಜಾರಿನಲ್ಲಿ ಗಾಲಿಕುರ್ಚಿ ಹತ್ತಬೇಕಾದರೆ 5.4 ಮೀಟರ್ ಉದ್ದದ ದಾರಿ ಬೇಕು. ಅಷ್ಟು ಉದ್ದದ ದಾರಿಯನ್ನು ನಾಲ್ಕು ತಿಂಗಳು ಹಾವಸೆ ಕಟ್ಟುವ ಜಾಗದಲ್ಲಿ ನಾನು ಕೂರಿಸಿದ್ದೆ. ಅಡುಗೆಯ ಅಕ್ಕ ತನ್ನ ದಾರಿಗೆ, ಕಾಲು ಜಾರದಂತೆ, ಅಡಿಕೆ ಸೋಗೆ ಹಾಸಿಕೊಂಡಿದ್ದರು. ಮನೆಯ ಅಂಗಳದಲ್ಲಿ ಬಾಲ್ಯದಿಂದ ನೋಡಿದ ಈ ಉಪಾಯ ನಕ್ಷೆ ಬರೆಯುವಾಗ ನೆನಪಾಗಲಿಲ್ಲವೆಂಬುದು ನಾಚಿಕೆಯ ವಿಷಯ.

"ಈ ನೀರು ನಮ್ಮದಲ್ಲ ಸರ್, ಅವರದ್ದು" ಎಂದರು ಮುಖ್ಯೋಪಾಧ್ಯಾಯಿನಿ. ಮುಂದಿನ ಭಾನುವಾರ ಭವನದವರ ಸಭೆಯಲ್ಲಿ ಹಿರಿಯರೊಬ್ಬರು, "ಮಾಡಿನ ನೀರು ಅಲ್ಲಿಗೆ ಬೀಳುವುದು ಇವತ್ತು ನಿನ್ನೆಯದ್ದಾ ಮಾರಾಯ್ರೆ?" ಎಂದರು. ಇಬ್ಬರ ಮಾತೂ ನಿಜವಾಗಿತ್ತು. ಭವನಕ್ಕೆ ಆ ವರ್ಷ ಬಣ್ಣ ಬಳಿಯಲೆಂದು ತೆಗೆದಿರಿಸಿದ್ದ ಹಣದಲ್ಲಿ ಒಂದು ಪಾಲನ್ನು ದಂಬೆಗೆ ಬಿಟ್ಟುಕೊಡಿ, ನೀರನ್ನು ಶಾಲೆಯ ಬಾವಿಯ ಕಡೆಗೆ ತಿರುಗಿಸೋಣ ಎಂದೆ. ಬಾವಿ ಏಪ್ರಿಲಿನಲ್ಲಿ ತಳ ಕಾಣುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಭವನದ ಮದುವೆಗಳಿಗೂ ನೀರು ಹೋಗುತ್ತಿದ್ದದ್ದು ಅದೇ ಬಾವಿಯಿಂದ. ಮೂರು ಸಭೆಗಳ ನಂತರ ಒಪ್ಪಿದರು. ಬಣ್ಣ ಎದುರುಗೋಡೆಗೆ ಮಾತ್ರ ಎಂದಾಯಿತು.

ಎರಡನೆಯ ನಕ್ಷೆ ಮೊದಲಿನಷ್ಟು ಅಂದವಾಗಿರಲಿಲ್ಲ. ದಂಬೆಯಿಂದ ಇಳಿದ ನೀರು ಮುರಕಲ್ಲಿನ ಅಗಲವಾದ, ಆಳವಿಲ್ಲದ ಕಾಲುವೆಯಲ್ಲಿ ಅಂಗಳದ ಬದಿಯಿಂದ ಹರಿದು, ಬಾವಿಗಿಂತ ಸ್ವಲ್ಪ ದೂರದ ಇಂಗುಗುಂಡಿಗೆ ಸೇರುತ್ತದೆ, ತುಂಬಿ ಹೆಚ್ಚಾದದ್ದು ತೋಡಿಗೆ. ಮಕ್ಕಳು ಎಡವದೆ ದಾಟುವಂತೆ ಕಾಲುವೆಯನ್ನು ತಟ್ಟೆಯ ಆಕಾರದಲ್ಲಿ ಮಾಡಿಸಿದೆವು. ಇಂಟರ್‌ಲಾಕ್ ಗೇಟಿನಿಂದ ಜಗಲಿಯವರೆಗಿನ ದಾರಿಗೆ ಮಾತ್ರ ಉಳಿಯಿತು. ನಲ್ಲಿಗಳೂ ಇಳಿಜಾರು ದಾರಿಯೂ ಮೂಡಣಕ್ಕೆ ಹೋದವು. ಹಲಸಿನ ಬುಡಕ್ಕೆ ಕಾಂಕ್ರೀಟು ಬೇಡವೆಂದು, ಬೇರಿಗೆ ಮಣ್ಣು ಬಿಟ್ಟು, ದೂರದಲ್ಲಿ ಕಲ್ಲಿನ ಕಟ್ಟೆ ಕಟ್ಟಿಸಿದೆ.

ಮರುವರ್ಷ ಜೂನಿನಲ್ಲಿ ಬೇಕೆಂದೇ ಮಳೆ ನೋಡಿಕೊಂಡು ಹೋದೆ. ಕಾಲುವೆ ಕೆಂಪಾಗಿ ಹರಿಯುತ್ತಿತ್ತು, ಅಡುಗೆಕೋಣೆಯ ಮೆಟ್ಟಿಲು ಒಣಗಿತ್ತು. ಗೇಟಿನ ಒಳಬದಿಯಲ್ಲಿ ಮಾತ್ರ ಎರಡು ಬೆರಳು ನೀರು ನಿಂತಿತ್ತು. ಮೇಸ್ತ್ರಿಯನ್ನು ಕರೆದು ತೋರಿಸಿದರೆ, ಇಂಟರ್‌ಲಾಕಿನ ಅಡಿಯ ಮಣ್ಣು ಕುಸಿದಿದೆ, ದೀಪಾವಳಿ ಕಳೆದ ಮೇಲೆ ಎಬ್ಬಿಸಿ ಸರಿಮಾಡುವ ಎಂದರು. ಅಲ್ಲಿಯವರೆಗೆ ಇರಲಿ ಎಂದು ಮಕ್ಕಳು ಆಗಲೇ ಮೂರು ಕಲ್ಲು ಇಟ್ಟುಕೊಂಡಿದ್ದರು.