ಒಂದೇ ಜಗಲಿ, ಎರಡು ಒಲೆ

ಅಪ್ಪ ತೀರಿಕೊಂಡ ಮೇಲೆ ಅವರ ವಿಳಾಸದ ಪುಸ್ತಕ ನನ್ನ ಪಾಲಿಗೆ ಬಂದಿತು. ಯಾವುದೋ ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ 1986ರ ಡೈರಿ ಅದು. ರಟ್ಟಿನ ಮೂಲೆಗಳು ಸವೆದಿದ್ದವು, ಒಳಗೆ ನೀಲಿ, ಕಪ್ಪು, ಹಸಿರು ಶಾಯಿಯ ಬರಹಗಳು ಒಂದರ ಮೇಲೊಂದು ಕುಳಿತಿದ್ದವು. ಅಪ್ಪ ಹೆಸರುಗಳನ್ನು ಅಕಾರಾದಿಯಾಗಿ ಬರೆದಿರಲಿಲ್ಲ. ತೀರ್ಥಹಳ್ಳಿಯಿಂದ ಹೊರಟ ಬಸ್ಸು ಯಾವ ಊರಿನ ನಂತರ ಯಾವ ಊರಿನಲ್ಲಿ ನಿಲ್ಲುತ್ತದೆಯೋ ಆ ಕ್ರಮದಲ್ಲಿ ಬರೆದಿದ್ದರು. ಮೇಗರವಳ್ಳಿ, ಆಗುಂಬೆಯ ದಾರಿಯವರಿಗೆ ಒಂದಷ್ಟು ಪುಟ, ಮಂಡಗದ್ದೆ, ಗಾಜನೂರಿನ ಮೇಲೆ ಶಿವಮೊಗ್ಗದವರೆಗಿನವರಿಗೆ ಇನ್ನೊಂದಷ್ಟು, ಕೊಪ್ಪದ ಕಡೆಯವರಿಗೆ ಮತ್ತೊಂದಷ್ಟು. ಮದುವೆ ಮುಂಜಿಗಳಿಗೆ ಮನೆಮನೆಗೆ ಹೋಗಿ ಕರೆಯುತ್ತಿದ್ದ ಮನುಷ್ಯನಿಗೆ ಆ ಕ್ರಮವೇ ಸರಿಯಾದದ್ದು ಎಂಬುದು ನನಗೆ ಹೊಳೆಯುವುದಕ್ಕೆ ಬಹಳ ದಿನ ಬೇಕಾಯಿತು.

ತಮ್ಮನ ಮನೆಯ ಗೃಹಪ್ರವೇಶಕ್ಕೆಂದು ನಾನು ಆ ಪುಸ್ತಕವನ್ನೆಲ್ಲ ಕಂಪ್ಯೂಟರಿನ ಒಂದು ಸ್ಪ್ರೆಡ್‌ಶೀಟಿಗೆ ಏರಿಸಿದೆ. ಹೆಸರು, ವಿಳಾಸ, ಫೋನು ಎಂದು ಮೂರೇ ಕಾಲಂ. ಅಪ್ಪ ಒಬ್ಬರನ್ನೇ ಎರಡು ಮೂರು ಕಡೆ ಬರೆದಿದ್ದುದರಿಂದ, ವಿಳಾಸ ಒಂದೇ ಆಗಿದ್ದ ಸಾಲುಗಳನ್ನು ನಕಲು ಎಂದು ತೆಗೆದುಹಾಕುವಂತೆ ಯಂತ್ರಕ್ಕೆ ಹೇಳಿದೆ. ಅದು ಹೇಳಿದ ಹಾಗೆ ಮಾಡಿತು. ನಮ್ಮ ನೆಂಟರಲ್ಲಿ ಅಣ್ಣತಮ್ಮಂದಿರಿಬ್ಬರು ಒಂದೇ ಮನೆಯಲ್ಲಿದ್ದಾರೆ. ಪಾಲಾಗಿ ಹನ್ನೆರಡು ವರ್ಷವಾಗಿದೆ, ತೋಟ ಬೇರೆ, ಅಡುಗೆ ಬೇರೆ. ಅಣ್ಣನಿಗೆ ಕಾಗದ ಹೋಯಿತು, ತಮ್ಮನಿಗೆ ಹೋಗಲಿಲ್ಲ. ಗೃಹಪ್ರವೇಶದ ದಿನ ಅಣ್ಣ ಒಬ್ಬರೇ ಬಂದರು. ತಮ್ಮ ಬಾರದಿದ್ದುದಕ್ಕೆ ಕಾರಣ ನಮಗೆ ತಿಳಿದದ್ದು ಆರು ತಿಂಗಳ ಮೇಲೆ, ಅದೂ ಮೂರನೆಯವರ ಬಾಯಿಂದ. ಅಮ್ಮ ಅಂದು ಊಟ ಮಾಡಲಿಲ್ಲ.

ನಾನು ಇಪ್ಪತ್ತು ವರ್ಷಗಳಿಂದ ಪದವಿ ಕಾಲೇಜಿನಲ್ಲಿ ಡೇಟಾಬೇಸ್ ಪಾಠ ಮಾಡುತ್ತಿರುವವಳು. ಒಂದು ಸಂಗತಿಯನ್ನು ಒಂದೇ ಕಡೆ ಬರೆದಿಡಬೇಕು, ಪ್ರತಿ ಸಾಲೂ ಏನನ್ನು ಕುರಿತದ್ದು ಎಂಬುದು ಮೊದಲು ಖಚಿತವಾಗಬೇಕು ಎಂದು ಪ್ರತಿ ವರ್ಷವೂ ಮಕ್ಕಳಿಗೆ ಹೇಳುತ್ತೇನೆ. 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಅವರು ಮಾಹಿತಿಯನ್ನು ಸಂಬಂಧಗಳ ಕೋಷ್ಟಕಗಳಾಗಿ ಕಾಣುವ ಬಗೆಯನ್ನು ಮಂಡಿಸಿದ ಕಥೆಯಿಂದಲೇ ನನ್ನ ಪಾಠ ಆರಂಭವಾಗುತ್ತದೆ. ಅಷ್ಟಾಗಿಯೂ ನನ್ನ ಸ್ಪ್ರೆಡ್‌ಶೀಟಿನ ಒಂದು ಸಾಲು ಮನುಷ್ಯನನ್ನು ಕುರಿತದ್ದೋ, ಮನೆಯನ್ನು ಕುರಿತದ್ದೋ, ಅಂಚೆಯವನು ಬಂದು ನಿಲ್ಲುವ ಬಾಗಿಲನ್ನು ಕುರಿತದ್ದೋ ಎಂದು ನಾನು ಕೇಳಿಕೊಂಡಿರಲಿಲ್ಲ. ನನ್ನ ತಮ್ಮನ ಮಗಳ ಮದುವೆ ಗೊತ್ತಾದಾಗ, ಈ ಸಲ ಸರಿಯಾಗಿ ವಿನ್ಯಾಸ ಮಾಡಿಯೇ ಮುಂದುವರಿಯಬೇಕೆಂದು ನಿಶ್ಚಯಿಸಿ, ಒಂದು ಭಾನುವಾರ ಬೆಳಗ್ಗೆ ಅಪ್ಪನ ಡೈರಿಯನ್ನೂ ಒಂದು ಕಟ್ಟು ಬಿಳಿ ಹಾಳೆಯನ್ನೂ ಹಿಡಿದು ಅಮ್ಮನ ಎದುರು ಕುಳಿತೆ. ಡೇಟಾಬೇಸಿಗೆ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶವನ್ನು ಆರಿಸಿಕೊಂಡಿದ್ದೆ. ಅದಕ್ಕೆ ಬೇರೆ ಸರ್ವರ್ ಬೇಡ, ಎಲ್ಲವೂ ಒಂದೇ ಫೈಲಿನಲ್ಲಿ ಇರುತ್ತದೆ, ಪೆನ್‌ಡ್ರೈವಿನಲ್ಲಿ ಹಾಕಿ ತಮ್ಮನಿಗೂ ಕೊಡಬಹುದು.

ಫೋನಿನ ವಿಷಯ ಬೇಗ ಮುಗಿಯಿತು. ಒಬ್ಬರಿಗೆ ಎರಡು ಮೂರು ಸಂಖ್ಯೆಗಳಿರುವುದರಿಂದ ಅದಕ್ಕೆ ಪ್ರತ್ಯೇಕ ಕೋಷ್ಟಕ ಬೇಕೆಂಬುದು ಸ್ಪಷ್ಟವೇ. ಆ ಕಾಲಂ ಅಂಕಿಯದಾಗಿರದೆ ಪಠ್ಯದ್ದಾಗಿರಬೇಕು. ಇಲ್ಲವಾದರೆ ಶಿವಮೊಗ್ಗದ ಎಸ್‌ಟಿಡಿ ಸಂಖ್ಯೆ 08182 ಎಂಬುದು 8182 ಆಗಿ ಕುಳಿತುಕೊಳ್ಳುತ್ತದೆ. ಫೋನಿನ ಸಂಖ್ಯೆಯನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಅದು ಅಂಕಿಗಳಲ್ಲಿ ಬರೆದ ಹೆಸರು ಮಾತ್ರ.

ಊರುಗಳ ವಿಷಯಕ್ಕೆ ಬಂದಾಗ ಅಪ್ಪನ ಡೈರಿಯೇ ಪಾಠ ಹೇಳಲು ತೊಡಗಿತು. ಚನ್ನಗಿರಿಯ ನೆಂಟರ ವಿಳಾಸದ ಕೆಳಗೆಲ್ಲ ಅವರು ಶಿವಮೊಗ್ಗ ಜಿಲ್ಲೆ ಎಂದು ಬರೆದಿದ್ದರು, ಕಾರ್ಕಳದವರ ಕೆಳಗೆ ದಕ್ಷಿಣ ಕನ್ನಡ ಎಂದು. 1997ರಲ್ಲಿ ಹೊಸ ಜಿಲ್ಲೆಗಳಾದಾಗ ಚನ್ನಗಿರಿ ದಾವಣಗೆರೆಗೆ ಸೇರಿತು, ಕಾರ್ಕಳ ಉಡುಪಿಗೆ ಸೇರಿತು. ಅಪ್ಪ ಕೆಲವು ಕಡೆ ಹೊಡೆದು ತಿದ್ದಿದ್ದಾರೆ, ಕೆಲವು ಕಡೆ ಮರೆತಿದ್ದಾರೆ. ಒಂದು ಗುಣ ಯಾವುದಕ್ಕೆ ಸೇರಿದ್ದೋ ಅದರ ಸಾಲಿನಲ್ಲೇ ಇರಬೇಕೆನ್ನುವ ಮೂರನೆಯ ನಾರ್ಮಲ್ ಫಾರ್ಮ್ ಎಂಬ ನಿಯಮವನ್ನು ನಾನು ಕರಿಹಲಗೆಯ ಮೇಲೆ ವಿವರಿಸುವಾಗ ವಿದ್ಯಾರ್ಥಿ, ವಿಭಾಗ, ವಿಭಾಗದ ಮುಖ್ಯಸ್ಥ ಎಂಬ ಸಪ್ಪೆ ಉದಾಹರಣೆಯನ್ನೇ ಕೊಡುತ್ತ ಬಂದಿದ್ದೇನೆ. ಇನ್ನು ಮುಂದೆ ಚನ್ನಗಿರಿಯನ್ನೇ ಕೊಡಬೇಕು. ಜಿಲ್ಲೆ ಎಂಬುದು ನೆಂಟರ ಗುಣವಲ್ಲ, ತಾಲ್ಲೂಕಿನದು. ತಾಲ್ಲೂಕಿನ ಸಾಲಿನಲ್ಲಿ ಒಮ್ಮೆ ತಿದ್ದಿದರೆ ಹನ್ನೊಂದು ಮನೆಗಳ ವಿಳಾಸವೂ ಸರಿಯಾಗಬೇಕು. ಪಿನ್ ಸಂಖ್ಯೆಯಿಂದಲೇ ಜಿಲ್ಲೆಯನ್ನು ಹಿಡಿಯಬಹುದೆಂದು ಮೊದಲು ಯೋಚಿಸಿದ್ದೆ. ಆದರೆ 1972ರಲ್ಲಿ ಬಂದ ಈ ಆರಂಕಿ ಸಂಖ್ಯೆ ಅಂಚೆಯ ವಿಂಗಡಣೆಗಾಗಿ ಮಾಡಿದ್ದೇ ಹೊರತು ಕಂದಾಯ ಇಲಾಖೆಯ ಗಡಿಗಾಗಿ ಅಲ್ಲ. ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಮೂರೂ 577ರಿಂದಲೇ ಶುರುವಾಗುತ್ತವೆ.

ಮನೆಯ ವಿಳಾಸವನ್ನು ಕಾಲಂಗಳಾಗಿ ಒಡೆಯುವ ಆಸೆಯನ್ನೂ ಬಿಡಬೇಕಾಯಿತು. ಬೆಂಗಳೂರಿನವರಿಗೆ ಮನೆ ಸಂಖ್ಯೆ, ಅಡ್ಡರಸ್ತೆ, ಮುಖ್ಯರಸ್ತೆ, ಬಡಾವಣೆ ಇರುತ್ತವೆ. ನಮ್ಮ ಕಡೆಯ ಮನೆಗಳಿಗೆ ಒಂದು ಹೆಸರು, ಒಂದು ಗ್ರಾಮ, ಒಂದು ಅಂಚೆ, ಅಷ್ಟೇ. ಎರಡನ್ನೂ ಒಂದೇ ಚೌಕಟ್ಟಿಗೆ ತುರುಕಿದರೆ ಅರ್ಧ ಕಾಲಂಗಳು ಯಾವಾಗಲೂ ಖಾಲಿ. ಆದ್ದರಿಂದ ಲಕೋಟೆಯ ಮೇಲೆ ಹೇಗೆ ಬರೆಯುತ್ತೇವೆಯೋ ಹಾಗೆಯೇ ಎರಡು ಮೂರು ಸಾಲು ಪಠ್ಯವನ್ನು ಇಟ್ಟು, ಅಂಚೆ, ತಾಲ್ಲೂಕು, ಪಿನ್ ಇಷ್ಟನ್ನು ಮಾತ್ರ ಬೇರೆ ಮಾಡಿದೆ.

ಅಷ್ಟು ಹೊತ್ತಿಗೆ ಹಾಳೆಯ ಮೇಲೆ ವ್ಯಕ್ತಿ ಎಂಬ ಒಂದು ಚೌಕ, ಸ್ಥಳ ಎಂಬ ಇನ್ನೊಂದು ಚೌಕ, ನಡುವೆ ಒಂದು ಗೆರೆ ಇದ್ದವು. ಆ ಅಣ್ಣತಮ್ಮಂದಿರ ಹೆಸರನ್ನು ಒಂದೇ ಸ್ಥಳಕ್ಕೆ ಜೋಡಿಸಿ, "ಈಗ ಸರಿಯಾಯ್ತಲ್ಲಮ್ಮ, ಇಬ್ಬರೂ ಬೇರೆ ಬೇರೆ ಸಾಲಿನಲ್ಲಿದ್ದಾರೆ, ಇಬ್ಬರಿಗೂ ಕಾಗದ ಹೋಗುತ್ತೆ" ಎಂದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಹಾಳೆಯನ್ನು ನೋಡಿದರು.

"ಹಾಗಾದ್ರೆ ನಿನ್ನ ದೊಡ್ಡಪ್ಪನ ಮನೆಗೂ ನಾಲ್ಕು ಕಾಗದ ಹೋಗುತ್ತಲ್ಲೇ? ಅಲ್ಲಿ ದೊಡ್ಡಪ್ಪ, ದೊಡ್ಡಮ್ಮ, ಮಗ, ಸೊಸೆ ಇದ್ದಾರೆ. ಅಲ್ಲಿಗೆ ಒಂದೇ ಸಾಕು."

"ಮತ್ತೆ ಇವರಿಗೆ ಯಾಕೆ ಎರಡು?"

"ಅಲ್ಲ ಕಣೇ, ಜಗಲಿ ಒಂದೇ ಆದ್ರೂ ಒಲೆ ಎರಡು. ಒಲೆ ಎರಡಾದ ಮೇಲೆ ಕಾಗದವೂ ಎರಡೇ."

ನಾನು ಪೆನ್ನು ಕೆಳಗಿಟ್ಟೆ. ಎರಡು ಚೌಕಗಳ ನಡುವೆ ಮೂರನೆಯದೊಂದು ಬೇಕಿತ್ತು, ಅದನ್ನು ಅಮ್ಮ ಹೆಸರಿನ ಸಮೇತ ಕೊಟ್ಟಿದ್ದರು. ಕರೆಯುವುದು ಮನುಷ್ಯನನ್ನೂ ಅಲ್ಲ, ಕಟ್ಟಡವನ್ನೂ ಅಲ್ಲ, ಒಟ್ಟಿಗೆ ಉಣ್ಣುವವರನ್ನು. ಆ ಕೋಷ್ಟಕಕ್ಕೆ ಒಲೆ ಎಂದೇ ಕನ್ನಡದಲ್ಲಿ ಹೆಸರಿಟ್ಟೆ. ಎಸ್‌ಕ್ಯೂಲೈಟ್ ತಕರಾರಿಲ್ಲದೆ ಒಪ್ಪಿಕೊಂಡಿತು. ಸ್ಥಳ ಒಲೆಗೆ ಸೇರಿತು, ವ್ಯಕ್ತಿಗಳೂ ಒಲೆಗೆ ಸೇರಿದರು. ಮನೆಗೆ ಹೋಗಿಯೇ ಕರೆಯಬೇಕೋ, ಅಂಚೆಯಲ್ಲಿ ಕಳಿಸಿದರೆ ಸಾಕೋ, ಫೋನು ಮಾಡಿದರೆ ನಡೆಯುತ್ತದೆಯೋ ಎಂಬ ಕಾಲಂ ಕೂಡ ಅಲ್ಲಿಗೇ ಬಂದಿತು. ಅಪ್ಪನ ಬಸ್ಸಿನ ಕ್ರಮವನ್ನು ಸ್ಥಳದ ಕೋಷ್ಟಕದಲ್ಲಿ ದಾರಿ, ನಿಲ್ದಾಣದ ಸರದಿ ಎಂಬ ಎರಡು ಕಾಲಂಗಳಾಗಿ ಉಳಿಸಿಕೊಂಡೆ.

ಮಧ್ಯಾಹ್ನದ ಮೇಲೆ ಇನ್ನೊಂದು ತೊಡಕು ಕಾಣಿಸಿತು. ಆ ಅಣ್ಣತಮ್ಮಂದಿರ ತಾಯಿ, ನಮ್ಮಮ್ಮನಿಗೆ ಸೋದರತ್ತೆಯಾಗಬೇಕಾದವರು, ಇನ್ನೂ ಇದ್ದಾರೆ. ಅವರು ಯಾರ ಒಲೆಗೆ ಸೇರಿದವರು ಎಂದು ಕೇಳಿದೆ. "ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ" ಎಂದರು ಅಮ್ಮ. ಹಾಗಾದರೆ ವ್ಯಕ್ತಿಯ ಸಾಲಿನಲ್ಲಿ ಒಂದೇ ಒಲೆಯ ಸಂಖ್ಯೆ ಬರೆಯುವುದು ಸಾಧ್ಯವಿಲ್ಲ. ವ್ಯಕ್ತಿ ಮತ್ತು ಒಲೆಯ ನಡುವೆ ಸೇರಿಕೆ ಎಂಬ ಕೋಷ್ಟಕ ಬೇಕು, ಅದರಲ್ಲಿ ಯಾವಾಗಿನಿಂದ ಯಾವಾಗಿನವರೆಗೆ ಎಂಬ ದಿನಾಂಕಗಳಿರಬೇಕು. ಅದು ಬಂದ ಮೇಲೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಬೆಂಗಳೂರು ಸೇರಿ ಬೇರೆ ಮನೆ ಮಾಡಿದ ಗಂಡುಮಕ್ಕಳು, ತೀರಿಕೊಂಡವರು, ಎಲ್ಲರಿಗೂ ಜಾಗ ಸಿಕ್ಕಿತು. ಅಪ್ಪನೂ ಯಾರ ಹೆಸರನ್ನೂ ಹೊಡೆದುಹಾಕುತ್ತಿರಲಿಲ್ಲ, ಪಕ್ಕದಲ್ಲಿ ಸಣ್ಣದಾಗಿ ದಿನಾಂಕ ಬರೆಯುತ್ತಿದ್ದರು. ನಾನು ಅಪ್ಪನ ಸಾಲನ್ನೂ ಹಾಗೆಯೇ ತುಂಬಿದೆ.

ರಾತ್ರಿ ಪರೀಕ್ಷೆಗೆಂದು ಒಂದು ಒಲೆಯನ್ನು ಅಳಿಸಿ ನೋಡಿದಾಗ ಎದೆ ಧಸಕ್ಕೆಂದಿತು. ಅದಕ್ಕೆ ಸೇರಿದ್ದ ಮೂವರು ಎಲ್ಲಿಯೂ ಸೇರದವರಾಗಿ ಉಳಿದುಬಿಟ್ಟರು. ಒಂದು ಕೋಷ್ಟಕದ ಸಾಲು ಇನ್ನೊಂದರಲ್ಲಿ ಇಲ್ಲದ ಸಾಲನ್ನು ತೋರಿಸದಂತೆ ಕಾಯುವ ಫಾರಿನ್ ಕೀ ಬರೆದಿದ್ದೆನಾದರೂ ಎಸ್‌ಕ್ಯೂಲೈಟಿನಲ್ಲಿ ಆ ಕಾವಲು ಸಾಮಾನ್ಯವಾಗಿ ತಾನಾಗಿ ಜಾರಿಯಲ್ಲಿರುವುದಿಲ್ಲ, ಪ್ರತಿ ಸಲ ಸಂಪರ್ಕ ತೆರೆದಾಗಲೂ ಅದನ್ನು ಚಾಲೂ ಮಾಡಬೇಕು. ಆ ಒಂದು ಸಾಲಿನ ಆಜ್ಞೆಯನ್ನು ಕಾರ್ಯಕ್ರಮದ ಮೊದಲಿಗೇ ಬರೆದೆ. ಊರುಗಳ ಪಟ್ಟಿಯನ್ನು ತೆಗೆದಾಗ ಕಳಸ, ಕವಲೇದುರ್ಗ, ಕಸಬಾ ಎಂಬ ಕ್ರಮದಲ್ಲಿ ಬಂದಿತು. ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ, ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಅದು ಲಕಾರದ ಪಕ್ಕದಲ್ಲಿದೆ, ಯಂತ್ರ ಬರಿಯ ಸಂಖ್ಯೆಯನ್ನು ನೋಡಿ ಜೋಡಿಸುತ್ತದೆ. ಕಳಸ ಕೊನೆಗೆ ಬರುವಂತೆ ಮಾಡಿದ ಮೇಲೆಯೇ ಮಲಗಿದೆ.

ಮುಂದಿನ ವಾರ ಆಗುಂಬೆ ದಾರಿಯ ಪಟ್ಟಿಯನ್ನು ಮುದ್ರಿಸಿ, ನಿಲ್ದಾಣದ ಸರದಿಯಂತೆಯೇ ಅಮ್ಮನೂ ನಾನೂ ಕರೆಯಲು ಹೊರಟೆವು. ಆ ಮನೆಯ ಎರಡು ಕಾಗದಗಳ ಮೇಲೆ ಹೆಸರು ಬರೆಯುವಾಗ ಅಜ್ಜಿಯ ಹೆಸರನ್ನು ಯಾವುದರಲ್ಲಿ ಬರೆಯಲಿ, ಈ ತಿಂಗಳು ಯಾರ ಸರದಿ ಎಂದು ಅಮ್ಮನನ್ನು ಕೇಳಿದೆ. "ಎರಡರಲ್ಲೂ ಬರಿ" ಎಂದರು. ಎರಡರಲ್ಲೂ ಬರೆದೆ. ತಮ್ಮನ ಹೆಂಡತಿ ಕಾಗದ ತೆಗೆದುಕೊಂಡು, ಅತ್ತೆಯ ಹೆಸರಿನ ಮೇಲೆ ಬೆರಳಿಟ್ಟು ಒಂದು ಕ್ಷಣ ನೋಡಿ, ನಮಗೆ ಮಣೆ ಹಾಕಿ, ಕಾಫಿಗೆ ನೀರಿಡಲು ಒಳಗೆ ಹೋದರು.