ಸೆಟ್ ಅಂದ್ರೆ?

ಇವತ್ತು ಹೋಟೆಲ್‌ನಲ್ಲಿ ಪಕ್ಕದ ಟೇಬಲ್ಲಿನ ಮಗು ಕೇಳ್ತು: "ಸೆಟ್ ದೋಸೇಲಿ ಸೆಟ್ ಅಂದ್ರೇನಮ್ಮಾ?"

ಅಲ್ಲಿ ಜೊತೆ ಅಂತ. ತಟ್ಟೆಗೆ ಎರಡೋ ಮೂರೋ.

ಸಿಮೆಂಟಿಗೆ ಬಂದ್ರೆ ಬಿಗಿಯೋದು. ಮಾಮೂಲಿ ಸಿಮೆಂಟು ನೀರು ಬೆರೆಸಿ 30 ನಿಮಿಷ ಆಗೋ ಮುಂಚೆ ಬಿಗಿಯೋಕೆ ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗೀಬೇಕು. ನಡುವೆ ಗಾರೆ ಗಟ್ಟಿಯಾಯ್ತು ಅಂತ ಮತ್ತೆ ನೀರು ಹುಯ್ದು ಕಲಸಿದ್ರೋ, ಬಲ ಹೋಯ್ತು. ಸೆಟ್ ಆಯ್ತು ಅಂದಮಾತ್ರಕ್ಕೆ ಕ್ಯೂರಿಂಗ್ ಬಿಡೋ ಹಾಗಿಲ್ಲ, ಕನಿಷ್ಠ 7 ದಿನ ನೀರು ಹಾಕ್ಲೇಬೇಕು.

ಗರಗಸಕ್ಕೆ ಸೆಟ್ ಅಂದ್ರೆ ಹಲ್ಲನ್ನ ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿಸೋದು. ಕಮ್ಮಿಯಾದ್ರೆ ಅಲಗು ಮರದಲ್ಲೇ ಸಿಕ್ಕಿಕೊಳ್ಳುತ್ತೆ.

1989ರ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಈ ಕ್ರಿಯಾಪದಕ್ಕೇ 430 ಅರ್ಥ. "ಹೊಸ ಕೆಲ್ಸ ಸೆಟ್ ಆಯ್ತಾ ಮಗಾ?" ಅನ್ನೋದು ಮಾತ್ರ ನಮ್ಮದೇ.