ಸಭಾಂಗಣ ಬಿಟ್ಟು ಉಳಿದದ್ದೆಲ್ಲ

ದಾವಣಗೆರೆಯಲ್ಲೊಂದು ಮುಕ್ತ ತಂತ್ರಾಂಶ (ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್) ಸಮ್ಮೇಳನ ಮಾಡೋಣ ಅಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಆಡಿಟೋರಿಯಂ ಯಾವುದು?" ಅದೊಂದು ಪ್ರಶ್ನೆಯೇ ಅಲ್ಲ. 1951ರ ಬಿಡಿಟಿ ಕಾಲೇಜು, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, ಆಮೇಲೆ ಬಂದ ಇನ್ನಷ್ಟು ಕಾಲೇಜುಗಳು, ವಿಶ್ವವಿದ್ಯಾಲಯ, ಸಾಲದ್ದಕ್ಕೆ ಬಡಾವಣೆಗೊಂದು ಕಲ್ಯಾಣಮಂಟಪ. ಮುನ್ನೂರು ಜನ ಕೂರುವ ಜಾಗಕ್ಕೆ ಈ ಊರಲ್ಲಿ ಬರವಿಲ್ಲ. ಆತಿಥ್ಯದ ಬಿಡ್, ಅಂದರೆ ನಮ್ಮೂರಲ್ಲೇ ನಡೆಸುತ್ತೇವೆ ಎಂದು ಬರೆದುಕೊಡುವ ಪ್ರಸ್ತಾವ, ಬಿದ್ದುಹೋಗುವುದು ಬೇರೆ ಕಡೆ: ಹಾಸಿಗೆಯಲ್ಲಿ, ವೈರಿನಲ್ಲಿ, ತಾರೀಖಿನಲ್ಲಿ. ಅದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಲೆಂದೇ ಒಂದು ಭಾನುವಾರ ಐದು ಜನ ಊರಿನ ಕಾಲೇಜೊಂದರ ಆವರಣವನ್ನು ಬೆಳಗ್ಗೆ ಒಂಬತ್ತರಿಂದ ಸಂಜೆಯವರೆಗೆ ಸುತ್ತಿದೆವು. ಕೈಯಲ್ಲಿದ್ದದ್ದು ಅಳತೆ ಟೇಪು, ಲ್ಯಾಪ್‌ಟಾಪ್, ಇಪ್ಪತ್ತು ಮೀಟರ್ ನೆಟ್‌ವರ್ಕ್ ಕೇಬಲ್, ಸಾಕೆಟ್ ಟೆಸ್ಟರ್ ಮತ್ತು ಒಂದು ನೋಟ್‌ಬುಕ್.

ಬಿಡ್ ಅಂದರೆ ಟೆಂಡರ್ ಅಲ್ಲ, ಕಡಿಮೆ ದರ ಬರೆದವರಿಗೆ ಸಿಗುವಂಥದ್ದೂ ಅಲ್ಲ. ಡೆಬಿಯನ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಕಟ್ಟುವವರ ಸಮ್ಮೇಳನ ಡೆಬ್‌ಕಾನ್ ನೋಡಿದರೆ ಇದು ತಿಳಿಯುತ್ತದೆ. ಅದು ಪ್ರತಿವರ್ಷ ಬೇರೆ ಬೇರೆ ಊರಿನಲ್ಲಿ ನಡೆಯುತ್ತದೆ. ಬೇಕೆನ್ನುವ ಊರಿನ ಸ್ವಯಂಸೇವಕರು ತಮ್ಮಲ್ಲಿ ಏನಿದೆ, ಏನಿಲ್ಲ ಎಂದು ಬರೆದು ಮುಂದಿಡುತ್ತಾರೆ. ಹಿಂದೆ ನಡೆಸಿ ಅನುಭವವಿದ್ದವರು ಪ್ರಶ್ನೆ ಕೇಳಿ ಕೇಳಿ ಒಂದನ್ನು ಆರಿಸುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಅದು ಕೊಚ್ಚಿಗೆ ಬಂದಿತ್ತು. ಅಲ್ಲಿ ಒಂದು ವಾರ ಕೂತು ಕೆಲಸ ಮಾಡುವ ಡೆಬ್‌ಕ್ಯಾಂಪ್, ಆಮೇಲೆ ಒಂದು ವಾರ ಸಮ್ಮೇಳನ. ನಮ್ಮ ಲೆಕ್ಕ ಅಷ್ಟು ದೊಡ್ಡದಲ್ಲ: ಮೂರು ದಿನ, ಮುನ್ನೂರು ಜನ, ಭಾಷಣಕ್ಕೆ ಎರಡು ಹಾಲ್, ಕಾರ್ಯಾಗಾರಕ್ಕೆ ಒಂದು ಲ್ಯಾಬ್. ಆದರೂ ಕೇಳುವ ಪ್ರಶ್ನೆಗಳು ಅವೇ.

ಮೊದಲು ಕರೆಂಟು. ದೊಡ್ಡ ಹಾಲ್ ಚೆಂದವಾಗಿತ್ತು, ಹೊಸ ಕುರ್ಚಿ, ಹೊಸ ಪರದೆ. ಗೋಡೆಯಲ್ಲಿ ಸಾಕೆಟ್ ಎಣಿಸಿದರೆ ಆರು. ಮುನ್ನೂರು ಜನರಲ್ಲಿ ನೂರು ಜನ ಒಟ್ಟಿಗೆ ಚಾರ್ಜರ್ ಚುಚ್ಚುತ್ತಾರೆ ಎಂದಿಟ್ಟುಕೊಂಡರೂ, ಒಂದಕ್ಕೆ 65 ವ್ಯಾಟ್‌ನಂತೆ 6.5 ಕಿಲೋವ್ಯಾಟ್ ಬೇಕು. 16 ಆಂಪಿಯರ್‌ನ ಒಂದು ಸರ್ಕ್ಯೂಟ್ 230 ವೋಲ್ಟ್‌ನಲ್ಲಿ ಕೊಡುವುದು ಹೆಚ್ಚೆಂದರೆ 3.68 ಕಿಲೋವ್ಯಾಟ್. ಅಂದರೆ ಕಾಗದದ ಮೇಲೆ ಎರಡು ಸರ್ಕ್ಯೂಟ್, ನೆಮ್ಮದಿಯಿಂದ ಇರಬೇಕೆಂದರೆ ಮೂರು. ಅದೂ ಎಸಿ ಮತ್ತು ಸೌಂಡ್ ಸಿಸ್ಟಮ್ ಇರುವ ಲೈನಿನಿಂದ ಬೇರೆಯಾಗಿ. ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದು ಎಕ್ಸ್‌ಟೆನ್ಶನ್ ಸಿಕ್ಕಿಸಿ ಸಾಲಾಗಿ ಎಳೆಯುವುದು ನಮ್ಮ ಎಲ್ಲ ಕಾರ್ಯಕ್ರಮಗಳ ಸಂಪ್ರದಾಯ. ಕಾಲೇಜಿನ ಎಲೆಕ್ಟ್ರಿಷಿಯನ್ ಅದನ್ನು ಒಂದೇ ಮಾತಿನಲ್ಲಿ ಮುಗಿಸಿದರು: "ಈ ಬೋರ್ಡಿಗೆ ಅಷ್ಟು ಮಂದಿ ಚುಚ್ಚಿದ್ರೆ ಎಂಸಿಬಿ ಬೀಳ್ತತಿ ನೋಡ್ರಿ. ಬಿದ್ರೆ ನಿಮ್ಮ ಮೈಕೂ ಅದರ ಕೂಡೇ ಬೀಳ್ತತಿ." ವೇದಿಕೆಯ ಮೈಕಿಗೂ ಕೊನೆಯ ಸಾಲಿನ ಸಾಕೆಟ್ಟಿಗೂ ಒಂದೇ ಎಂಸಿಬಿ (ಲೋಡು ಹೆಚ್ಚಾದರೆ ತಾನಾಗಿ ಕರೆಂಟು ಕಡಿಯುವ ಸ್ವಿಚ್) ಎಂಬುದು ಅವರು ಹೇಳದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಇಂಥ ಆವರಣದಲ್ಲಿ ಪ್ರಿನ್ಸಿಪಾಲರಿಗಿಂತ ಮೊದಲು ಪರಿಚಯ ಮಾಡಿಕೊಳ್ಳಬೇಕಾದವರು ಎಲೆಕ್ಟ್ರಿಷಿಯನ್ನೇ.

ಜನರೇಟರ್ ಇದೆಯೇ ಎಂದು ಕೇಳಿದರೆ ಎಲ್ಲ ಕಡೆಯೂ ಇದೆ ಎನ್ನುತ್ತಾರೆ. ಕೇಳಬೇಕಾದದ್ದು ಬೇರೆ. ಅದು ಯಾವ ಬ್ಲಾಕಿಗೆ? ತಾನಾಗಿ ಶುರುವಾಗುತ್ತದೋ, ಯಾರಾದರೂ ಹೋಗಿ ಶುರುಮಾಡಬೇಕೋ? ಆ ಯಾರೋ ಭಾನುವಾರ ರಜೆಯಲ್ಲಿರುತ್ತಾರೋ? ಡೀಸೆಲ್ ಯಾರ ಖರ್ಚು? ತಾನಾಗಿ ಬದಲಾಗುವ ಜನರೇಟರ್ ಕೂಡ ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ನೆಟ್‌ವರ್ಕ್ ಸ್ವಿಚ್ ರೀಬೂಟ್ ಆಗುತ್ತದೆ, ಪ್ರೊಜೆಕ್ಟರಿನ ಲ್ಯಾಂಪು ತಣ್ಣಗಾಗಿ ಮತ್ತೆ ಹತ್ತಿಕೊಳ್ಳಲು ಕೆಲವು ನಿಮಿಷ ಬೇಕು, ರೆಕಾರ್ಡಿಂಗ್ ಫೈಲು ಅರ್ಧಕ್ಕೆ ತುಂಡಾಗುತ್ತದೆ. ಸ್ವಿಚ್, ರೂಟರ್, ವಿಡಿಯೊ ಮಿಕ್ಸ್ ಮಾಡುವ ಕಂಪ್ಯೂಟರ್, ಪ್ರೊಜೆಕ್ಟರ್, ಇವು ನಾಲ್ಕಕ್ಕೆ ಯುಪಿಎಸ್ ಕೊಟ್ಟರೆ ಸಾಕು; ಇಡೀ ಹಾಲಿಗೆ ಬೇಡ. ಬೆಸ್ಕಾಂ ನಿರ್ವಹಣೆಗಾಗಿ ಕರೆಂಟ್ ತೆಗೆಯುವ ದಿನಗಳನ್ನು ಮೊದಲೇ ಪ್ರಕಟಿಸುತ್ತದೆ. ಆ ವಾರ ಅದನ್ನು ದಿನವೂ ನೋಡುವ ಕೆಲಸಕ್ಕೆ ಒಬ್ಬರ ಹೆಸರು ಬರೆದಿಟ್ಟೆವು.

ನೆಟ್‌ವರ್ಕಿನ ಹತ್ತಿರ ಬಂದಾಗ ಹೊತ್ತು ಹನ್ನೊಂದೂವರೆ. ಅಲ್ಲಿಂದ ಎದ್ದದ್ದು ಎರಡಕ್ಕೆ. "ನಮ್ಮದು ಒಂದು ಗಿಗಾಬಿಟ್ ಲೈನ್" ಎಂಬ ಮಾತನ್ನು ಬಿಡ್‌ನಲ್ಲಿ ಹಾಗೇ ಬರೆಯುವವರು ಆಮೇಲೆ ಅನುಭವಿಸುತ್ತಾರೆ. ಹೊರಗಿನ ಲೈನು ಎಷ್ಟೇ ದಪ್ಪವಿರಲಿ, ಒಳಗಿನದು ಬೇರೆಯದೇ ಕಥೆ. ಮುನ್ನೂರು ಜನ ಎಂದರೆ ಫೋನೂ ಸೇರಿ ಆರುನೂರು ಸಾಧನ. ಪ್ರತಿ ಸಾಧನಕ್ಕೂ ಜಾಲದಲ್ಲೊಂದು ವಿಳಾಸ ಬೇಕು. ಸಾಮಾನ್ಯವಾಗಿ ಇಟ್ಟಿರುವ ಸ್ಲ್ಯಾಶ್ 24 ಅಳತೆಯ ಜಾಲದಲ್ಲಿ ಸಿಗುವ ವಿಳಾಸಗಳು 254. ಇನ್ನೂರೈವತ್ತೈದನೆಯವರಿಗೆ ವೈಫೈ ಸಿಗ್ನಲ್ ಪೂರ್ತಿ ಕಾಣುತ್ತದೆ, ಇಂಟರ್ನೆಟ್ ಮಾತ್ರ ಇಲ್ಲ. ಎಲ್ಲರೂ ರೂಟರನ್ನು ಆಫ್ ಮಾಡಿ ಆನ್ ಮಾಡುತ್ತಾರೆ, ಹತ್ತು ನಿಮಿಷ ಸರಿಹೋಗುತ್ತದೆ, ಮತ್ತೆ ಅದೇ. ಸ್ಲ್ಯಾಶ್ 22 ಮಾಡಿದರೆ 1,022 ವಿಳಾಸ. ಡಿಎಚ್‌ಸಿಪಿ ಲೀಸ್ ಅವಧಿಯನ್ನೂ (ಕೊಟ್ಟ ವಿಳಾಸ ಒಂದು ಸಾಧನದ ಹೆಸರಿನಲ್ಲೇ ಇರುವ ಹೊತ್ತು) ಒಂದು ದಿನದಿಂದ ಒಂದು ಗಂಟೆಗೆ ಇಳಿಸಬೇಕು, ಇಲ್ಲದಿದ್ದರೆ ಟೀ ಕುಡಿದು ಊರಿಗೆ ಹೋದವರ ಫೋನು ಕೂಡ ಸಂಜೆವರೆಗೆ ವಿಳಾಸ ಹಿಡಿದುಕೊಂಡಿರುತ್ತದೆ.

ವೈಫೈ ಹರಡುವ ಪೆಟ್ಟಿಗೆ, ಅಂದರೆ ಆಕ್ಸೆಸ್ ಪಾಯಿಂಟಿನ ಲೆಕ್ಕವನ್ನು ಒಂದಕ್ಕೆ ನಲವತ್ತು ಐವತ್ತು ಸಾಧನ ಎಂದು ಹಿಡಿದರೆ ದೊಡ್ಡ ಹಾಲಿಗೆ ಎಂಟಾದರೂ ಬೇಕು. ಅಲ್ಲಿದ್ದದ್ದು ಎರಡು, ಎರಡೂ ವೇದಿಕೆಯ ಮೇಲೆ. ಸುಮ್ಮನೆ ಎಂಟು ತಂದು ನೇತುಹಾಕಿದರೂ ಆಗದು. ಒಂದರ ಸದ್ದು ಇನ್ನೊಂದಕ್ಕೆ ಕೇಳಿ ಎಲ್ಲವೂ ಕಾಯುತ್ತ ನಿಲ್ಲುತ್ತವೆ. ಅದಕ್ಕೆ ಮದ್ದು: 5 ಗಿಗಾಹರ್ಟ್ಸ್‌ನಲ್ಲಿ 20 ಮೆಗಾಹರ್ಟ್ಸ್ ಅಗಲದ ಚಾನೆಲ್ ಕೊಟ್ಟು, ಪವರ್ ಕಡಿಮೆ ಇಡುವುದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ, ಹಾಗಾಗಿ ಎರಡು ಮೂರು ಪಾಯಿಂಟ್ ಬಿಟ್ಟು ಉಳಿದದ್ದರಲ್ಲಿ ಅದನ್ನು ಆಫ್ ಮಾಡಿಬಿಡುವುದು. ಲ್ಯಾಬಿನಲ್ಲಿ ಕೂತು ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಅನ್ನು ಪೋರ್ಟ್ 22ರಲ್ಲಿ ಪ್ರಯತ್ನಿಸಿದೆವು, ಫೈರ್‌ವಾಲ್ ಬಿಡಲಿಲ್ಲ. ವೈಫೈಗೆ ಲಾಗಿನ್ ಆಗಲು ವಿದ್ಯಾರ್ಥಿಯ ನೋಂದಣಿ ಸಂಖ್ಯೆ ಬೇಕಿತ್ತು. ಕಾಲೇಜಿಗೆ ಅದು ಸರಿಯೇ. ಮುಕ್ತ ತಂತ್ರಾಂಶದವರಿಗೆ ಎಸ್‌ಎಸ್‌ಎಚ್ ಇಲ್ಲವೆಂದರೆ ಊಟದಲ್ಲಿ ಅನ್ನ ಇಲ್ಲದಂತೆ. ಕಾಲೇಜಿನ ಜಾಲ ಮುಟ್ಟದೆ ಸಮ್ಮೇಳನಕ್ಕೇ ಬೇರೆ ವಿಎಲ್ಎಎನ್ (ಅದೇ ವೈರಿನಲ್ಲಿ ಪ್ರತ್ಯೇಕವಾಗಿ ಓಡುವ ಜಾಲ), ಅದಕ್ಕೆ ಬೇರೆ ನಿಯಮ ಎಂದು ಬರೆದುಕೊಂಡೆವು. ಅದನ್ನು ಮಾಡಲು ಒಪ್ಪಿದ ಸಿಸ್ಟಮ್ ಅಡ್ಮಿನ್ ಸಮ್ಮೇಳನದ ಮೂರು ದಿನವೂ ಊರಲ್ಲಿರುತ್ತಾರೆಯೇ ಎಂದೂ ಕೇಳಿಕೊಂಡೆವು.

ಕಾರ್ಯಾಗಾರದ ಲೆಕ್ಕ ಇನ್ನೂ ಸರಳ. ನಲವತ್ತು ಜನ ತಲಾ 2 ಜಿಬಿಯ ಇನ್‌ಸ್ಟಾಲ್ ಇಮೇಜ್ ಇಳಿಸಿಕೊಂಡರೆ 80 ಜಿಬಿ. 100 ಎಂಬಿಪಿಎಸ್ ಲೈನು ಬೇರೇನೂ ಮಾಡದೆ ಇದನ್ನೇ ಮಾಡಿದರೂ ಒಂದೂಮುಕ್ಕಾಲು ಗಂಟೆ. ಎರಡು ಗಂಟೆಯ ಕಾರ್ಯಾಗಾರ ಅಲ್ಲಿಗೇ ಮುಗಿಯಿತು. ಹಳೆಯ ಡೆಸ್ಕ್‌ಟಾಪ್ ಒಂದನ್ನು ಲ್ಯಾಬಿನೊಳಗೆ ಮಿರರ್ (ಆ ಫೈಲುಗಳ ಪ್ರತಿ ಇಟ್ಟು ಹಂಚುವ ಕಂಪ್ಯೂಟರ್) ಮಾಡಿ, ಗಿಗಾಬಿಟ್ ಸ್ವಿಚ್ಚಿಗೆ ವೈರಿನಲ್ಲಿ ಸೇರಿಸಿದರೆ ಅದೇ ಕೆಲಸ ಕಾಲು ಗಂಟೆಯೊಳಗೆ. ಹತ್ತು ಪೆನ್‌ಡ್ರೈವ್ ಕೂಡ ಇರಲಿ, ಅದಕ್ಕಿಂತ ನಂಬಿಕಸ್ಥ ಜಾಲ ಇನ್ನೂ ಬಂದಿಲ್ಲ.

ವಿಡಿಯೊ ವಿಷಯಕ್ಕೆ ಒಂದೇ ಎಚ್ಚರಿಕೆ: ಕ್ಯಾಮೆರಾದ ಮೈಕನ್ನು ನಂಬಬಾರದು, ಧ್ವನಿ ಮಿಕ್ಸರಿನಿಂದಲೇ ಬರಬೇಕು. ಭಾಷಣಕಾರರ ಚಾರ್ಜರಿನಿಂದ ಗುಂಯ್ ಎನ್ನುವ 50 ಹರ್ಟ್ಸ್ ಸದ್ದು ಸೇರಿಕೊಳ್ಳುತ್ತದೆ, ಅದಕ್ಕೆ ಐಸೊಲೇಟರ್ ಒಂದು ಬೇಕು. ಉದ್ದದ ಎಚ್‌ಡಿಎಂಐ ಕೇಬಲ್ ಹದಿನೈದು ಮೀಟರಿನ ಹೊತ್ತಿಗೆ ಕೈಕೊಡುವುದೇ ಹೆಚ್ಚು. ಹಿಂದಿನ ಮೇಜಿಗೆ ಟೇಪು ಹಿಡಿದರೆ 22 ಮೀಟರ್ ಬಂತು, ಹಾಗಾಗಿ ನೆಟ್‌ವರ್ಕ್ ಕೇಬಲ್ ಮೇಲೆ ಕಳಿಸುವ ಎಕ್ಸ್‌ಟೆಂಡರ್ ಪಟ್ಟಿಗೆ ಸೇರಿತು. 8 ಎಂಬಿಪಿಎಸ್‌ನಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 3.6 ಜಿಬಿ, ಎರಡು ಹಾಲ್, ದಿನಕ್ಕೆ ಏಳು ಗಂಟೆ, ಮೂರು ದಿನಕ್ಕೆ 150 ಜಿಬಿ ಚಿಲ್ಲರೆ. ಎರಡು ಪ್ರತಿ ಇಡಬೇಕು.

ಮಧ್ಯಾಹ್ನ ಹಾಸ್ಟೆಲ್. ಬಿಡ್‌ನ ಜೀವ ಇಲ್ಲಿದೆ. ಸ್ವಂತ ದುಡ್ಡಿನಲ್ಲಿ ಬರುವ ವಿದ್ಯಾರ್ಥಿಗೆ, ಹವ್ಯಾಸಕ್ಕೆ ಕೋಡ್ ಬರೆಯುವವರಿಗೆ ಲಾಡ್ಜಿನ ಬಾಡಿಗೆ ಟಿಕೆಟ್ಟಿಗಿಂತ ಭಾರ. 120 ಹಾಸಿಗೆ ಹಾಸ್ಟೆಲಿನಲ್ಲಿ ಸಿಕ್ಕರೆ ಸಮ್ಮೇಳನ ಬಡವರದ್ದೂ ಆಗುತ್ತದೆ. ವಾರ್ಡನ್ ಒಳ್ಳೆಯವರು, ಸುತ್ತಿಸಿ ತೋರಿಸಿದರು. "ರೂಮ್ ಕೊಡ್ತೀವ್ರಿ, ಹಾಸಿಗೆ ಮಾತ್ರ ನೀವೇ ತರಬೇಕು. ಹುಡುಗ್ರು ಅವರವರದ್ದು ಮನೆಯಿಂದ ತಂದಿರ್ತಾರ." ಇನ್ನೊಂದು ಸಂಗತಿ ಬಾಗಿಲು ನೋಡಿದಾಗ ಹೊಳೆಯಿತು. ಬೀಗವೂ ಹುಡುಗರದ್ದೇ. ರಜೆಗೆ ಹೋಗುವಾಗ ಪೆಟ್ಟಿಗೆ ಒಳಗಿಟ್ಟು, ಬೀಗ ಹಾಕಿ, ಕೀಲಿ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋಗುತ್ತಾರೆ. ಅಂದರೆ ಖಾಲಿ ಹಾಸ್ಟೆಲ್ ಎಂದರೆ ಖಾಲಿ ಕೋಣೆಗಳಲ್ಲ. ಮಹಿಳೆಯರ ಹಾಸ್ಟೆಲಿನಲ್ಲಿ ರಾತ್ರಿ ಗೇಟು ಮುಚ್ಚುವ ಸಮಯ ಬೇರೆ ಇದೆ. ಎಂಟೂವರೆಗೆ ಮುಗಿಯುವ ಕೊನೆಯ ಗೋಷ್ಠಿಗೆ ಅದು ಹೊಂದುವುದಿಲ್ಲ, ಲಿಖಿತ ವಿನಾಯಿತಿ ಬೇಕು. ನೆಲಮಹಡಿಯಲ್ಲಿ ಮೆಟ್ಟಿಲಿಲ್ಲದೆ ಹೋಗಬಹುದಾದ ಕೋಣೆ, ಕಮೋಡ್ ಇರುವ ಶೌಚಾಲಯ ಎಷ್ಟು ಎಂದು ಎಣಿಸಿದೆವು: ಒಂದು. ಬಿಡ್‌ನಲ್ಲಿ ಒಂದು ಎಂದೇ ಬರೆಯಬೇಕು.

ಇಲ್ಲೇ ತಾರೀಖಿನ ಗಂಟು ಬೀಳುವುದು. ಹಾಸ್ಟೆಲ್ ಸಿಗುವುದು ಸೆಮಿಸ್ಟರ್‌ಗಳ ನಡುವಿನ ರಜೆಯಲ್ಲಿ. ಆಗ ಹಾಲ್‌ನಲ್ಲಿ ಮೈಕ್ ಹಿಡಿದು ಓಡಾಡಬೇಕಾದ ನಲವತ್ತು ವಿದ್ಯಾರ್ಥಿ ಸ್ವಯಂಸೇವಕರೂ ಊರಿಗೆ ಹೋಗಿರುತ್ತಾರೆ. ತರಗತಿ ನಡೆಯುವಾಗ ಮಾಡಿದರೆ ಜನ ಇದ್ದಾರೆ, ಕೋಣೆ ಇಲ್ಲ. ಪರೀಕ್ಷೆಯ ವೇಳಾಪಟ್ಟಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ್ದು (ವಿಟಿಯು), ಅದು ಬದಲಾದರೆ ಕಾಲೇಜೂ ಏನೂ ಮಾಡಲಾಗದು. ಏಪ್ರಿಲ್ ಮೇ ಬೇಡ, ದಾವಣಗೆರೆಯ ಬಿಸಿಲು ಬಲ್ಲವರಿಗೆ ಕಾರಣ ಹೇಳಬೇಕಿಲ್ಲ. ಮದುವೆಯ ಲಗ್ನಗಳಿರುವ ವಾರ ಲಾಡ್ಜ್ ಸಿಗುವುದಿಲ್ಲ, ಅಡುಗೆಯವರೂ ಸಿಗುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ವರ್ಷವಾದರೆ ಆ ದಿನಗಳಲ್ಲಿ ಇಡೀ ಊರೇ ನೆಂಟರಿಂದ ತುಂಬಿರುತ್ತದೆ. ನಾವು ಹಿಡಿದ ದಾರಿ: ರಜೆಯ ಮೊದಲ ವಾರಾಂತ್ಯ. ಪರೀಕ್ಷೆ ಮುಗಿದ ಹುಡುಗರನ್ನು ಮೂರು ದಿನ ಹೆಚ್ಚಿಗೆ ಉಳಿಸಿಕೊಳ್ಳುವುದು ಮೂರು ವಾರ ಬಿಟ್ಟು ವಾಪಸ್ ಕರೆಸುವುದಕ್ಕಿಂತ ಸುಲಭ. ಬಿಡ್‌ನಲ್ಲಿ ಒಂದೇ ತಾರೀಖು ಬರೆಯದೆ ಎರಡು ಬರೆದು, ಎರಡನೆಯದಕ್ಕೆ ಏನು ಕಳೆದುಕೊಳ್ಳುತ್ತೇವೆ ಎಂದೂ ಸೇರಿಸಿದೆವು.

ಪ್ರಯಾಣ ನಮ್ಮ ಬಲ. ರೈಲು ನಿಲ್ದಾಣ ಊರ ನಡುವೆಯೇ ಇದೆ, ಬೆಂಗಳೂರು ಹುಬ್ಬಳ್ಳಿ ಮುಖ್ಯ ಮಾರ್ಗ, 2023ರ ಜೂನ್‌ನಲ್ಲಿ ಶುರುವಾದ ವಂದೇ ಭಾರತ್ ಕೂಡ ಇಲ್ಲಿ ನಿಲ್ಲುತ್ತದೆ, ರಾಷ್ಟ್ರೀಯ ಹೆದ್ದಾರಿ 48 ಪಕ್ಕದಲ್ಲೇ. ಚಿತ್ರದುರ್ಗವನ್ನೂ ಯೋಚಿಸಿದ್ದೆವು, ಆದರೆ ಆ ಊರು ಮುಖ್ಯ ಮಾರ್ಗದಲ್ಲಿಲ್ಲ, ಚಿಕ್ಕಜಾಜೂರಿನಿಂದ ಕವಲೊಡೆದ ಹಳಿಯಲ್ಲಿದೆ. ಹಾಗಾಗಿ ದುರ್ಗವನ್ನು ಕೊನೆಯ ದಿನದ ಪ್ರವಾಸಕ್ಕೆ ಇಟ್ಟೆವು: ಸುಮಾರು 60 ಕಿಲೋಮೀಟರ್, ಎರಡು ಬಸ್, ಬೆಳಗ್ಗೆ ಏಳಕ್ಕೆ ಹೊರಡಬೇಕು. ಏಳು ಸುತ್ತಿನ ಕೋಟೆಯ ಬಂಡೆ ಹನ್ನೊಂದರ ಹೊತ್ತಿಗೆ ಕಾದಿರುತ್ತದೆ. ರೈಲಿನ ಮುಂಗಡ ಬುಕಿಂಗ್ ತೆರೆಯುವುದು 60 ದಿನ ಮೊದಲು. ಭಾಷಣಕಾರರ ಆಯ್ಕೆಯನ್ನು ಅದಕ್ಕೂ ಹದಿನೈದು ದಿನ ಮುಂಚೆ ತಿಳಿಸದಿದ್ದರೆ ಎಲ್ಲರೂ ವೇಟಿಂಗ್ ಲಿಸ್ಟ್.

ಊಟದ್ದು ಹೆಚ್ಚು ಹೇಳುವುದಿಲ್ಲ. ಬೆಣ್ಣೆದೋಸೆ, ಮಂಡಕ್ಕಿ ಮಿರ್ಚಿ ಇದ್ದಮೇಲೆ ಬಿಡ್‌ಗೆ ಬೇರೆ ಜಾಹೀರಾತು ಬೇಡ. ಹಾಲು ಬೆಣ್ಣೆ ತಿನ್ನದವರಿಗೆ ಎಣ್ಣೆಯ ಕಾವಲಿ ಬೇರೆ ಇಡಿಸಬೇಕು ಅಷ್ಟೆ. ನೀರು ಮಾತ್ರ ಮರೆಯಬಾರದು: ತಲೆಗೆ 3 ಲೀಟರ್ ಹಿಡಿದರೆ ದಿನಕ್ಕೆ 900, ಅಂದರೆ 20 ಲೀಟರಿನ 45 ಕ್ಯಾನು.

ಹಣದಲ್ಲಿ ಸ್ವಯಂಸೇವಕರು ಎಡವುವುದು ಮೊತ್ತದಲ್ಲಲ್ಲ, ಸಮಯದಲ್ಲಿ. ಅಡುಗೆಯವರು ಅರ್ಧ ಮುಂಗಡ ಕೇಳುತ್ತಾರೆ, ಪೆಂಡಾಲಿನವರೂ ಹಾಗೆಯೇ. ಪ್ರಾಯೋಜಕ ಕಂಪನಿಯ ದುಡ್ಡು ಇನ್‌ವಾಯ್ಸ್ ಕಳಿಸಿ ಒಂದೂವರೆ ಎರಡು ತಿಂಗಳ ಮೇಲೆ, ಟಿಡಿಎಸ್ ಕಳೆದು ಬರುತ್ತದೆ. ಒಂದು ಲಕ್ಷದ ಪ್ರಾಯೋಜನೆಗೆ 18 ಶೇಕಡಾ ಜಿಎಸ್‌ಟಿ ಸೇರಿದರೆ 1,18,000. ಆ ಹದಿನೆಂಟು ಸಾವಿರ ನಮ್ಮದಲ್ಲ ಎಂಬುದನ್ನು ಮೊದಲ ದಿನವೇ ಬೇರೆ ಕಾಲಮ್ಮಿನಲ್ಲಿ ಬರೆಯಬೇಕು. ವಿದೇಶದಿಂದ ದೇಣಿಗೆ ಬರುತ್ತದೆ ಎಂದು ಬಜೆಟ್ಟಿನಲ್ಲಿ ಬರೆದುಕೊಳ್ಳುವ ಮೊದಲು ವಿದೇಶಿ ದೇಣಿಗೆ ಕಾಯ್ದೆಯಡಿ (ಎಫ್‌ಸಿಆರ್‌ಎ) ನೋಂದಣಿ ಇರುವ ಸಂಸ್ಥೆ ಜೊತೆಗಿದೆಯೇ ನೋಡಬೇಕು; ಇಲ್ಲದಿದ್ದರೆ ಆ ಸಾಲು ಸೊನ್ನೆ. ವಿದೇಶಿ ಅತಿಥಿ ಹಾಸ್ಟೆಲಿನಲ್ಲಿ ಉಳಿದರೂ 24 ಗಂಟೆಯೊಳಗೆ ಅವರ ವಿವರವನ್ನು ಆನ್‌ಲೈನ್‌ನಲ್ಲಿ ಸಲ್ಲಿಸುವ ಹೊಣೆ ಉಳಿಸಿಕೊಂಡವರದ್ದು. ವಾರ್ಡನ್ನರಿಗೆ ಇದು ಹೊಸ ಸುದ್ದಿ. ಖರ್ಚನ್ನು ಮೂರು ಮಟ್ಟದಲ್ಲಿ ಬರೆದೆವು: ಹೇಗೂ ಬೇಕಾದದ್ದು, ದುಡ್ಡು ಬಂದರೆ ಮಾಡುವುದು, ಹೆಚ್ಚಾದರೆ ಟೀಶರ್ಟು. ಮೂರರ ಮೇಲೂ ಹತ್ತು ಶೇಕಡಾ ತುರ್ತಿಗೆಂದು ಮೀಸಲು. ನೋಂದಣಿ ಪೂರ್ತಿ ಉಚಿತ ಬೇಡವೆಂದು ಎಲ್ಲರೂ ಒಪ್ಪಿದ್ದು ಇಲ್ಲೇ. ಸಣ್ಣ ಶುಲ್ಕವಿದ್ದರೆ ಹೆಸರು ಕೊಟ್ಟು ಬಾರದವರು ಕಡಿಮೆಯಾಗುತ್ತಾರೆ, ಅನ್ನ ಉಳಿಯುವುದೂ ಕಡಿಮೆ. ಕೊಡಲಾಗದವರಿಗೆ ಕಾರಣ ಕೇಳದೆ ವಿನಾಯಿತಿ.

ಸಂಜೆ ಕುಳಿತು ಬರೆಯಲು ಹೊರಟಾಗ ಕೊರತೆಗಳ ಭಾಗವನ್ನೇ ಮೊದಲು ಮುಗಿಸಿದೆವು. ಊರಿನಲ್ಲಿ ವಿಮಾನ ನಿಲ್ದಾಣವಿಲ್ಲ. ಹತ್ತಿರದ್ದು ಶಿವಮೊಗ್ಗ, ಹುಬ್ಬಳ್ಳಿ. ಕಮೋಡ್ ಕೋಣೆ ಒಂದು. ಆಕ್ಸೆಸ್ ಪಾಯಿಂಟ್ ಇನ್ನೂ ಆರು ಬೇಕು. ತಂಡದಲ್ಲಿ ಹಿಂದೆ ವಿಡಿಯೊ ಮಾಡಿದವರು ಒಬ್ಬರೇ. ಓದುವವರು ಇವನ್ನು ತಾವೇ ಹುಡುಕಿ ಕೇಳುವಂತಾದರೆ ಉಳಿದ ಪುಟಗಳನ್ನೂ ಅನುಮಾನದಿಂದಲೇ ಓದುತ್ತಾರೆ. ಪ್ರತಿ ಹಾಲಿನ ಫೋಟೊ ಕೊನೆಯ ಸಾಲಿನಿಂದ ತೆಗೆದದ್ದೇ ಹಾಕಿದೆವು, ವೇದಿಕೆಯಿಂದ ತೆಗೆದದ್ದರಲ್ಲಿ ಕಂಬಗಳು ಕಾಣುವುದಿಲ್ಲ.

ಉಳಿದದ್ದು ಕಾಲೇಜಿನ ಒಪ್ಪಿಗೆ ಪತ್ರ. ಪ್ರಿನ್ಸಿಪಾಲರು ಫೋನಿನಲ್ಲಿ "ಮಾಡ್ರಿ, ನಮ್ಮದೇನು ಅಭ್ಯಂತರ ಇಲ್ಲ" ಎಂದದ್ದು ಪತ್ರವಲ್ಲ, ಅಷ್ಟರಲ್ಲಿ ವರ್ಗಾವಣೆಯಾದರೆ ಹೊಸಬರಿಗೆ ಅದು ಗೊತ್ತೂ ಇರುವುದಿಲ್ಲ. ಅವರೇ ಹೇಳಿದರು, "ಏನು ಬರೀಬೇಕು ಅಂತ ನೀವೇ ಟೈಪ್ ಮಾಡ್ಕೊಂಡು ಬನ್ರಿ, ಸಹಿ ಮಾಡ್ತೀನಿ." ಎರಡೂ ತಾರೀಖು, ಎರಡು ಹಾಲ್ ಮತ್ತು ಲ್ಯಾಬಿನ ಹೆಸರು, ಜನರೇಟರ್ ಡೀಸೆಲ್ ಯಾರದ್ದು, ಬೇರೆ ವಿಎಲ್ಎಎನ್‌ಗೆ ಅನುಮತಿ, ರಾತ್ರಿ ಹತ್ತರವರೆಗೆ ಗೇಟು, ಸಂಪರ್ಕಕ್ಕೆ ಒಬ್ಬ ಅಧ್ಯಾಪಕರು, ಅವರಿಲ್ಲದಿದ್ದರೆ ಇನ್ನೊಬ್ಬರು. ಹಾಸ್ಟೆಲ್ ಕೋಣೆಗಳ ಸಂಖ್ಯೆಯ ಜಾಗ ಮಾತ್ರ ಖಾಲಿ ಬಿಟ್ಟಿದ್ದೇವೆ. ಎಷ್ಟು ಬಾಗಿಲಿಗೆ ಹುಡುಗರ ಬೀಗವಿದೆ ಎಂದು ವಾರ್ಡನ್ ಎಣಿಸಿ ಹೇಳಬೇಕು.